ಗೋಡೆಯ ಮೇಲೆ ಬೆಳೆದ ಬೇವು

ಹೊಸಪೇಟೆ ಸ್ಟೇಶನ್

ಹಾಲೆಂಡಿಗೆ ಹೋಗಿಬಂದವರೆಲ್ಲ ಹೂವಿನ ತೋಟದ ಬಗ್ಗೆ ಬರೆಯುತ್ತಾರೆ. ನಾನು ಹೋಗುವಷ್ಟರಲ್ಲಿ ಹೂವು ಮುಗಿದಿತ್ತು. ಅಲ್ಲದೆ ನಾನು ಹೋದದ್ದು ಹೂವು ನೋಡಲಿಕ್ಕಲ್ಲ, ಸುಳ್ಳು ಹೇಳಲಿಕ್ಕೆ. ಹದಿನೈದು ದಿನ ಪರದೇಶದಲ್ಲಿದ್ದು, ಒಂದು ಸುಳ್ಳನ್ನು ಕೂದಲೂ ಕೊಂಕದಂತೆ ಕಾಪಾಡಿಕೊಂಡು ಬರಬೇಕೆಂದು ನಮ್ಮ ಹೆಡ್ ಮಾಸ್ತರರ ಅಪ್ಪಣೆಯಾಗಿತ್ತು.

ನಮ್ಮದು ಮೆಟ್ರಿ ದಾಟಿ ಕಾಲುವೆಗುಂಟ ಹೋದರೆ ಸಿಗುವ ಒಂದು ಊರಿನ ಪ್ರಾಥಮಿಕ ಶಾಲೆ. ಊರಿನ ಹೆಸರು ಬರೆಯುವುದಿಲ್ಲ. ಹೆಡ್ ಮಾಸ್ತರು ವೀರಭದ್ರಪ್ಪನವರು ನಿವೃತ್ತರಾಗಿದ್ದಾರೆ, ಅವರ ಸಿಟ್ಟು ಇನ್ನೂ ಸರ್ವೀಸಿನಲ್ಲಿದೆ. ಕಾಲುವೆ ಬಂದಮೇಲೆ ನಮ್ಮೂರಿಗೆ ಎಲ್ಲವೂ ಬಂದಿತ್ತು. ಭತ್ತ, ಕಬ್ಬು, ಟ್ರ್ಯಾಕ್ಟರು, ಟಿ.ವಿ., ಎರಡು ಸಾರಾಯಿ ಅಂಗಡಿ. ಶಾಲೆಯ ಅಂಗಳಕ್ಕೆ ಮಾತ್ರ ಒಂದು ಗಿಡದ ನೆರಳು ಬಂದಿರಲಿಲ್ಲ.

ಹಾಗಂತ ನಾವು ಗಿಡ ನೆಡುತ್ತಿರಲಿಲ್ಲ ಎಂದಲ್ಲ. ಪ್ರತಿ ಜುಲೈನಲ್ಲಿ ವನಮಹೋತ್ಸವಕ್ಕೆ ಇಪ್ಪತ್ತು ಬೇವಿನ ಸಸಿ ನೆಡುತ್ತಿದ್ದೆವು. ಯಾರಾದರೂ ದೊಡ್ಡ ಮನುಷ್ಯರು ಧೋತರದ ಚುಂಗು ಎತ್ತಿ ಹಿಡಿದು ಒಂದು ತಂಬಿಗೆ ನೀರು ಹಾಕುತ್ತಿದ್ದರು. ಏಪ್ರಿಲ್ ಬಂತೆಂದರೆ ಶಾಲೆಗೂ ರಜೆ, ಕಾಲುವೆಗೂ ರಜೆ. ಮಕ್ಕಳಿಲ್ಲ, ನೀರಿಲ್ಲ, ಕಂಪೌಂಡಿಗೆ ಗೇಟಿಲ್ಲ. ಅರ್ಧ ಸಸಿ ಬಿಸಿಲಿನ ಪಾಲು, ಇನ್ನರ್ಧ ಆಡುಗಳ ಪಾಲು. ಮುಂದಿನ ಜುಲೈಗೆ ಅವೇ ಇಪ್ಪತ್ತು ಗುಂಡಿಗಳಿಗೆ ಹೊಸ ಇಪ್ಪತ್ತು ಸಸಿ. ಗುಂಡಿ ತೋಡುವ ಕಷ್ಟವಾದರೂ ಉಳಿಯಿತಲ್ಲ ಎಂದು ನಾವು ಖುಷಿಪಡುತ್ತಿದ್ದೆವು.

ಇಂಥ ಒಂದು ಜುಲೈನಲ್ಲಿ ಮರೈಕೆ ಬಂದಳು. ಹಾಲೆಂಡಿನ ಒಂದು ಹಳ್ಳಿಯಲ್ಲಿ ಅವಳೂ ನನ್ನಂತೆ ಸಣ್ಣ ಮಕ್ಕಳ ಟೀಚರು, ಅವೇ ಮಕ್ಕಳಿಗೆ ವರ್ಷ ವರ್ಷವೂ ಅವಳೇ ಟೀಚರು. ಹಂಪಿ ಬಜಾರಿನಲ್ಲಿ ರೂಮು ಹಿಡಿದಿದ್ದವಳು ಕಂಪ್ಲಿ ಬಸ್ಸು ಹತ್ತಿ, ಎಲ್ಲೋ ಇಳಿದು, ದಾರಿ ತಪ್ಪಿ, ಸರಿಯಾಗಿ ವನಮಹೋತ್ಸವದ ಹೊತ್ತಿಗೆ ನಮ್ಮ ಅಂಗಳದಲ್ಲಿ ನಿಂತಿದ್ದಳು. ಮಕ್ಕಳು ಗಿಡ ನೆಡುವುದನ್ನು ನೋಡಿ ಕಣ್ಣಲ್ಲಿ ನೀರು ತಂದುಕೊಂಡಳು. ಊರಿಗೆ ಹೋದವಳೇ ತನ್ನ ತರಗತಿಯ ಇಪ್ಪತ್ತು ಮಕ್ಕಳ ಹೆಸರು ಬರೆದು ಕಳಿಸಿದಳು. ಒಬ್ಬೊಬ್ಬರಿಗೆ ಒಂದೊಂದು ಗಿಡವಂತೆ, ವರ್ಷಕ್ಕೊಮ್ಮೆ ಗಿಡದ ಕ್ಷೇಮಸಮಾಚಾರ ಬರೆಯಬೇಕಂತೆ. ನಾವು ತಗಡಿನ ತುಂಡುಗಳ ಮೇಲೆ ಆ ಹೆಸರುಗಳನ್ನು ಬರೆಸಿ ಸಸಿಗಳಿಗೆ ಕಟ್ಟಿದೆವು.

ಶಾಲೆಯಲ್ಲಿ ಇಂಗ್ಲಿಷು ಬರುವವಳು ನಾನೊಬ್ಬಳೇ. ಮೊದಲ ವರ್ಷದ ಕಾಗದ ಬರೆಯಲು ಕೂತಾಗ ಅಂಗಳದಲ್ಲಿ ಇಪ್ಪತ್ತು ಒಣಕಡ್ಡಿಗಳಿದ್ದವು.

"ಸರ, ಎಲ್ಲಾ ಒಣಗ್ಯಾವಲ್ರಿ. ಏನಂತ ಬರೀಲಿ?" ಎಂದು ಕೇಳಿದೆ.

"ಮೊಣಕಾಲುದ್ದ ಆಗ್ಯಾವಂತ ಬರೀರಿ ಟೀಚರ್," ಎಂದರು ವೀರಭದ್ರಪ್ಪನವರು. "ಪಾಪ, ಸಣ್ಣ ಹುಡುಗ್ರು. ಯಾಕ ಅಳಸ್ತೀರಿ?"

ಬರೆದೆ. ಮರುವರ್ಷ ಎದೆಮಟ್ಟ ಎಂದು ಬರೆದೆ. ಮೂರನೆಯ ವರ್ಷ ನನ್ನ ತಲೆಗಿಂತ ಎತ್ತರ ಎಂದು ಬರೆದೆ. ಸಾಲದ್ದಕ್ಕೆ, ಹಂಪಿಗೆ ಪ್ರವಾಸ ಹೋದಾಗ ಮಲಪನಗುಡಿ ಬಾವಿಯ ಹತ್ತಿರ ಒಂದು ಒಳ್ಳೆಯ ಬೇವಿನ ಗಿಡದ ಕೆಳಗೆ ನಮ್ಮ ಮಕ್ಕಳನ್ನು ನಿಲ್ಲಿಸಿ ಫೋಟೋ ತೆಗೆಸಿ ಅದನ್ನೂ ಲಕೋಟೆಯಲ್ಲಿ ಹಾಕಿದೆ. ಒಮ್ಮೆ ಸುಳ್ಳು ಹೇಳಲು ನಿಂತಮೇಲೆ ನಾನು ಅರೆಮನಸ್ಸಿನಿಂದ ಹೇಳುವವಳಲ್ಲ.

ಅದರ ಫಲವಾಗಿ ಬಂದದ್ದು ಆಹ್ವಾನ ಮತ್ತು ವಿಮಾನದ ಟಿಕೆಟ್ಟು. ನಮ್ಮ ಮಕ್ಕಳಿಗೆ ಗಿಡ ಬೆಳೆಸುವ ಪಾಠ ಮಾಡಿ ಹೋಗಿ ಎಂದು ಮರೈಕೆ ಬರೆದಿದ್ದಳು. ಮೇ ತಿಂಗಳ ಬಿಸಿಲಿನಲ್ಲಿ ಹೊಸಪೇಟೆ ಸ್ಟೇಶನ್ನಿಗೆ ಬೀಳ್ಕೊಡಲು ಬಂದ ವೀರಭದ್ರಪ್ಪನವರು ರೈಲಿನ ಕಿಟಕಿಗೆ ಬಾಯಿಟ್ಟು ಕೊನೆಯ ಉಪದೇಶ ಕೊಟ್ಟರು.

"ನೋಡ್ರಿ ಟೀಚರ್, ಗಿಡದ ಮಾತು ಬಂತಂದ್ರ ಜಲ್ದಿ ಹಂಪಿ ಮಾತು ತಗೀರಿ. ಹಂಪಿ ಮುಗಿಯಾದ್ರೊಳಗ ನಿಮ್ಮ ಹದಿನೈದು ದಿನ ಮುಗೀತಾವು."

ಆಮ್‌ಸ್ಟರ್‌ಡಾಂ, ಕೆಂಪು ಪುಡಿ

ಸೂಟ್‌ಕೇಸು ನನ್ನ ಮೈದುನನದು. ಅವನು ಸಂಡೂರಿನ ಗಣಿಯಲ್ಲಿ ಕೆಲಸ ಮಾಡುತ್ತಾನೆ. ಸಂಡೂರಿನಲ್ಲಿ ನಾಲ್ಕು ವರ್ಷ ಇದ್ದ ಸೂಟ್‌ಕೇಸನ್ನು ನೀವು ಎಷ್ಟೇ ಒರೆಸಿ, ಅದರ ಹೊಲಿಗೆಯೊಳಗಿನ ಅದಿರಿನ ಧೂಳು ಹೋಗುವುದಿಲ್ಲ. ವಿಮಾನ ನಿಲ್ದಾಣದಲ್ಲಿ ತಪಾಸಣೆಯ ಅಧಿಕಾರಿ ಮುಚ್ಚಳ ತೆರೆದು ಬೆರಳಾಡಿಸಿದ. ಬೆರಳು ಕೆಂಪಗಾಯಿತು. ಮೂಸಿದ. ಇನ್ನೊಬ್ಬನನ್ನು ಕರೆದ.

"ಇದೇನು?" ಎಂದು ಇಂಗ್ಲಿಷಿನಲ್ಲಿ ಕೇಳಿದ.

"ಸಂಡೂರು," ಎಂದೆ. ನಿದ್ದೆಗೆಟ್ಟ ತಲೆಗೆ ಬೇರೇನೂ ಹೊಳೆಯಲಿಲ್ಲ.

ಅಷ್ಟರಲ್ಲಿ ಅವರಿಗೆ ಗುರೆಳ್ಳು ಪುಡಿಯ ಡಬ್ಬಿ ಸಿಕ್ಕಿತು. ಕೆಂಪು ಪುಡಿಯಾಯಿತು, ಈಗ ಕರಿಪುಡಿ. ಎರಡನೆಯವನು ಡಬ್ಬಿಗೆ ಮೂಗನ್ನೇ ಇಟ್ಟುಬಿಟ್ಟ. ಅತ್ತೆ ಹುರಿದು ಕುಟ್ಟಿದ ಬ್ಯಾಡಗಿ ಮೆಣಸಿನಕಾಯಿ ಅದರಲ್ಲಿತ್ತು. ಅವನು ಸೀನಲು ಶುರುಮಾಡಿದವನು ನಾನು ಹೊರಗೆ ಬರುವವರೆಗೂ ಸೀನುತ್ತಲೇ ಇದ್ದ. ದೇವರಾಣೆ, ನನಗೆ ಆ ದೇಶದಲ್ಲಿ ಮೊದಲ ಸಲ ಧೈರ್ಯ ಬಂದದ್ದು ಆಗಲೇ.

ಮರೈಕೆಯ ಮನೆ

ಮರೈಕೆ ಬಾಗಿಲಲ್ಲೇ ತಬ್ಬಿಕೊಂಡಳು. ಕಾಫಿ ಮಾಡಿದಳು. ಬಿಸ್ಕತ್ತಿನ ಡಬ್ಬಿ ತೆರೆದು ನನ್ನ ಮುಂದೆ ಹಿಡಿದಳು. ನಾನೊಂದು ತೆಗೆದುಕೊಂಡೆ, ಅವಳೊಂದು ತೆಗೆದುಕೊಂಡಳು. ಡಬ್ಬಿ ಟಪ್ಪೆಂದು ಮುಚ್ಚಿ ಕಪಾಟು ಸೇರಿತು. ನಾನು ಇನ್ನೇನೋ ಬರುತ್ತದೆ ಎಂದು ಕಾದೆ. ಬರಲಿಲ್ಲ. ನಮ್ಮಲ್ಲಾದರೆ ಬ್ಯಾಡ್ರಿ ಬ್ಯಾಡ್ರಿ ಅನ್ನುತ್ತಲೇ ಬೀಗರು ತಟ್ಟೆ ಖಾಲಿ ಮಾಡಬೇಕು, ಅದು ಪದ್ಧತಿ. ಇಲ್ಲಿ ಬ್ಯಾಡ ಅಂದರೆ ಬ್ಯಾಡವೇ. ಮೊದಲ ಎರಡು ದಿನ ಶಿಷ್ಟಾಚಾರಕ್ಕೆ ಬ್ಯಾಡ ಅಂದು ಹಸಿದುಕೊಂಡೇ ಮಲಗಿದೆ.

ಮುಂಜಾನೆ ಬ್ರೆಡ್ಡಿನ ಮೇಲೆ ಬೆಣ್ಣೆ ಸವರಿ, ಅದರ ಮೇಲೆ ಸಾಸಿವೆ ಕಾಳಿನಂಥ ಚಾಕಲೇಟು ಉದುರಿಸಿಕೊಂಡು ತಿನ್ನುತ್ತಾರೆ, ಮುದುಕರೂ ಕೂಡ. ನಾನು ಅದರ ಮೇಲೆ ಗುರೆಳ್ಳು ಪುಡಿ ಉದುರಿಸಿಕೊಂಡೆ. ಮರೈಕೆ ಒಂದು ಚಿಟಿಕೆ ನೆಕ್ಕಿ ಅರ್ಧ ಜಗ್ಗು ನೀರು ಕುಡಿದಳು.

ಎಲ್ಲಿಗೆ ಹೋಗಬೇಕಾದರೂ ಸೈಕಲ್ಲು. ನಾನು ಹುಡುಗಿಯಾಗಿದ್ದಾಗ ಕಂಪ್ಲಿಯಲ್ಲಿ ಬಾಡಿಗೆ ಸೈಕಲ್ಲು ತುಳಿದವಳೇ, ಆದರೆ ಆಗ ಲಂಗ. ಈಗ ಇಲಕಲ್ ಸೀರೆ. ಮೂರನೆಯ ದಿನ ನಡುರಸ್ತೆಯಲ್ಲಿ ಸೆರಗು ಚೈನಿಗೆ ಸಿಕ್ಕಿಕೊಂಡಿತು. ದಾರಿಯಲ್ಲಿ ಹೋಗುತ್ತಿದ್ದ ಹೆಂಗಸೊಬ್ಬಳು ತನ್ನ ಸೈಕಲ್ಲಿನಿಂದ ಇಳಿದು, ಮಾತಿಲ್ಲದೆ ಚೈನು ಬಿಚ್ಚಿ, ಸೆರಗು ಬಿಡಿಸಿ, ಚೈನು ಹಾಕಿ, ಎಣ್ಣೆಯ ಕೈಯನ್ನು ತನ್ನ ಪ್ಯಾಂಟಿಗೇ ಒರೆಸಿಕೊಂಡು ಹೋದಳು. ಯಾವೂರು ಎಂದೂ ಕೇಳಲಿಲ್ಲ. ಕಂಪ್ಲಿಯಲ್ಲಾಗಿದ್ದರೆ ಹತ್ತು ಜನ ಕೂಡಿ, ಎಂಟು ಜನ ಸಲಹೆ ಕೊಟ್ಟು, ಅದರಲ್ಲೊಬ್ಬ ನಮ್ಮ ಚಿಕ್ಕಪ್ಪನ ಗುರುತು ಹಿಡಿದು ಚಹಾ ಕುಡಿಸಿ ಕಳಿಸುತ್ತಿದ್ದ. ಕೆಲಸವಾದದ್ದು ಇಲ್ಲೇ ಬೇಗ. ಆದರೆ ಆ ಹೊತ್ತು ನನಗೆ ಊರಿನ ನೆನಪಾಯಿತು.

ಗಿಡದ ಮಾತು ದಿನಕ್ಕೆ ನಾಲ್ಕು ಸಲ ಬರುತ್ತಿತ್ತು. ನಾನು ಪ್ರತಿ ಸಲವೂ ಹಂಪಿ ತೆಗೆದೆ. ಕಲ್ಲಿನ ರಥ, ವಿರೂಪಾಕ್ಷನ ಗುಡಿ, ಕಮಲ ಮಹಲು ಎಲ್ಲ ಐದನೆಯ ದಿನಕ್ಕೇ ಖರ್ಚಾದವು. ಆಮೇಲೆ ಇಲ್ಲದ ಮಂಟಪಗಳನ್ನೂ ಕಟ್ಟಿದೆ.

ಏರಿಯ ಕೆಳಗಿನ ಊರು

ಅವರದೂ ಕಾಲುವೆಯ ಊರೇ. ಮನೆ ಮನೆಯ ಹಿಂದೆ ಕಾಲುವೆ. ನೋಡಿದ ಕೂಡಲೇ ನನ್ನವರೆಲ್ಲ ಇಲ್ಲಿದ್ದಾರೆ ಅನಿಸಿತು. "ನೀರು ಯಾವಾಗ ಬಿಡ್ತಾರೆ?" ಎಂದು ಕೇಳಿದೆ. ಮರೈಕೆಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ನಾವು ಕಾಲುವೆ ತೋಡುವುದು ನೀರು ಬರಲೆಂದು, ಅವರು ತೋಡುವುದು ನೀರು ತೊಲಗಲೆಂದು.

ಊರಿನಾಚೆ ಒಂದು ದೊಡ್ಡ ಮಣ್ಣಿನ ಏರಿ. ಮರೈಕೆ ನನ್ನನ್ನು ಅದರ ಮೇಲೆ ಹತ್ತಿಸಿದಳು. ಒಂದು ಬದಿಗೆ ಸಮುದ್ರ, ಇನ್ನೊಂದು ಬದಿಗೆ ಊರು. ನೋಡುತ್ತೇನೆ, ಸಮುದ್ರವೇ ಮೇಲಿದೆ, ಊರೇ ಕೆಳಗಿದೆ! ನಮ್ಮ ಡ್ಯಾಮಿನ ಗೋಡೆಯ ಬುಡದಲ್ಲಿ ಗುಡಿಸಲು ಹಾಕಿಕೊಂಡು, ಇವರು ಕಿಟಕಿಗೆ ಪರದೆಯನ್ನೂ ಹಾಕದೆ ಚಾಕಲೇಟು ತಿನ್ನುತ್ತ ಕೂತ ಹಾಗಿತ್ತು.

ಅಲ್ಲಿಂದ ಇಳಿಯುವಾಗ ಏರಿಗೆ ಅಂಟಿಕೊಂಡಿದ್ದ ಮನೆಯಿಂದ ಒಬ್ಬ ಹೆಂಗಸು ಬಂದು ನನ್ನ ಎರಡೂ ಕೈ ಹಿಡಿದುಕೊಂಡಳು. ಫೆಮ್ಕೆ ಎಂಬ ಎಂಟು ವರ್ಷದ ಹುಡುಗಿಯ ತಾಯಿ. ಫೆಮ್ಕೆ ನಮ್ಮ ಇಪ್ಪತ್ತು ಹೆಸರುಗಳಲ್ಲಿ ಒಬ್ಬಳು.

ಅವಳು ಹೇಳಿದ್ದನ್ನು ಮರೈಕೆ ಇಂಗ್ಲಿಷಿಗೆ ತಿರುಗಿಸಿದಳು. ಭೂಮಿ ಬಿಸಿಯಾಗುತ್ತಿದೆ, ಸಮುದ್ರ ಏರುತ್ತದೆ ಎಂದು ಶಾಲೆಯಲ್ಲಿ ಕೇಳಿ ಬಂದಾಗಿನಿಂದ ಫೆಮ್ಕೆ ಮಲಗುತ್ತಿರಲಿಲ್ಲವಂತೆ. ಏರಿಯ ಆಚೆ ನೀರಿನ ಸದ್ದು ಕೇಳಿದರೆ ಎದ್ದು ಕೂರುತ್ತಿದ್ದಳಂತೆ. ಗಿಡಗಳು ಹೊಗೆ ಕುಡಿದು ಭೂಮಿಯನ್ನು ತಂಪಾಗಿಡುತ್ತವೆ, ನಿನ್ನದೂ ಒಂದು ಗಿಡ ಇಂಡಿಯಾದಲ್ಲಿ ಬೆಳೆಯುತ್ತಿದೆ ಎಂದು ಹೇಳಿದ ಮೇಲೆ ನಿದ್ದೆ ಬಂತಂತೆ.

"ನಿಮ್ಮ ಕಾಗದವನ್ನು ದಿಂಬಿನ ಕೆಳಗೆ ಇಟ್ಟುಕೊಳ್ಳುತ್ತಾಳೆ," ಎಂದಳು ಆ ತಾಯಿ.

ನಾನು ಹಂಪಿ ತೆಗೆಯಲು ಬಾಯಿ ತೆರೆದೆ. ಹಂಪಿ ಬರಲಿಲ್ಲ.

ತರಗತಿ

ಕೊನೆಗೆ ಪಾಠದ ದಿನ ಬಂತು. ತರಗತಿಯ ಒಳಗೆ ಕಾಲಿಟ್ಟವಳು ಬಾಗಿಲಲ್ಲೇ ನಿಂತುಬಿಟ್ಟೆ. ಎದುರಿನ ಗೋಡೆಯ ತುಂಬ ಇಪ್ಪತ್ತು ಬೇವಿನ ಗಿಡಗಳು. ಮಕ್ಕಳೇ ಬಣ್ಣದಲ್ಲಿ ಬರೆದವು. ಪ್ರತಿ ಗಿಡಕ್ಕೂ ಮೂರು ಗೆರೆ. ಮೊದಲ ಕಾಗದ ಬಂದಾಗ ಮೊಣಕಾಲಿನ ಮಟ್ಟಕ್ಕೆ ಒಂದು, ಎರಡನೆಯದಕ್ಕೆ ಎದೆಯ ಮಟ್ಟಕ್ಕೆ ಒಂದು, ಮೂರನೆಯದಕ್ಕೆ ಸ್ಟೂಲು ಹತ್ತಿ ಬರೆದದ್ದು ಇನ್ನೊಂದು. ಎಲೆಗಳನ್ನು ಕೂಡ ಒಂದೊಂದಾಗಿ ಬರೆದಿದ್ದರು, ಬೇವಿನ ಎಲೆಯ ಗರಗಸದ ಅಂಚಿನ ಸಮೇತ. ನಾನು ಮೇಜಿನ ಮುಂದೆ ಕೂತು ಗೀಚಿ ಕಳಿಸಿದ್ದು ಇಲ್ಲಿ ಚಾವಣಿಗೆ ಹತ್ತಿರ ಬಂದಿತ್ತು.

ಮೊದಲು ಮರೈಕೆ ತನ್ನ ಪಾಠ ಮಾಡಿದಳು. ಒಂದು ಬೋಗುಣಿ, ಅದರೊಳಗೆ ಜೇಡಿಮಣ್ಣಿನ ಏರಿ, ಏರಿಯ ಕೆಳಗೆ ಬೆಂಕಿಪೊಟ್ಟಣದಷ್ಟು ಮನೆಗಳು. ಮಕ್ಕಳು ಲೋಟದಿಂದ ನೀರು ಹಾಕುತ್ತ ಹೋದರು, ನೀರು ಏರಿತು, ಮನೆಗಳು ನೆಂದವು. ಆಮೇಲೆ ನಾವೇನು ಮಾಡಬಹುದು ಎಂದು ಕೇಳಿದಳು. ಒಬ್ಬ ದೀಪ ಆರಿಸುತ್ತೇನೆ ಅಂದ, ಒಬ್ಬಳು ಕಾರು ಬಿಟ್ಟು ಸೈಕಲ್ಲು ಅಂದಳು. ಫೆಮ್ಕೆ ಗೋಡೆ ತೋರಿಸಿದಳು. ನಾನು ಹದಿನೆಂಟು ವರ್ಷ ಪರಿಸರ ಪಾಠ ಮಾಡಿದ್ದೇನೆ. ಪರಿಸರ ಎಂದರೇನು, ಎರಡು ವಾಕ್ಯದಲ್ಲಿ ಉತ್ತರಿಸಿ. ಅಷ್ಟೇ ನನ್ನ ಪಾಠ.

ಈಗ ನನ್ನ ಸರದಿ. ಆದರೆ ಫೆಮ್ಕೆ ಆಗಲೇ ನನ್ನ ಕೈ ಹಿಡಿದು ಗೋಡೆಗೆ ಎಳೆದುಕೊಂಡು ಹೋಗಿದ್ದಳು. ತನ್ನ ಗಿಡಕ್ಕೆ ಬೆನ್ನು ಹಚ್ಚಿ ನನ್ನನ್ನು ನಿಲ್ಲಿಸಿದಳು. ಸ್ಟೂಲು ಹತ್ತಿ, ಕೈಯಲ್ಲಿ ಕುಂಚ ಹಿಡಿದು ಕೇಳಿದಳು, ಮರೈಕೆ ಇಂಗ್ಲಿಷಿಗೆ ತಿರುಗಿಸಿದಳು:

"ಈಗ ನಿಮ್ಮ ತಲೆಗಿಂತ ಎಷ್ಟು ಮೇಲಿದೆ? ಸರಿಯಾಗಿ ಹೇಳಿ. ಈ ವರ್ಷದ್ದು ಬರೆಯಬೇಕು."

ಒಂದು ಗೇಣು ಅಂದಿದ್ದರೆ ಮುಗಿದಿತ್ತು. ಇಪ್ಪತ್ತು ಗೇಣು, ಇಪ್ಪತ್ತು ಗೆರೆ, ಚಪ್ಪಾಳೆ, ವಿಮಾನ. ಆ ಮಗು ನಿದ್ದೆ ಮಾಡುತ್ತಿತ್ತು, ವೀರಭದ್ರಪ್ಪನವರ ಮಾನ ಉಳಿಯುತ್ತಿತ್ತು. ಆದರೆ ಆ ಕುಂಚದ ತುದಿಯಿಂದ ಒಂದು ಹನಿ ಹಸಿರು ನನ್ನ ಕಿವಿಯ ಮೇಲೆ ಬಿತ್ತು. ತಣ್ಣಗಿತ್ತು. ಮಗುವಿನ ಉಸಿರು ನನ್ನ ನೆತ್ತಿಗೆ ತಾಗುತ್ತಿತ್ತು. ನನಗೆ ಆಗಲಿಲ್ಲ ನೋಡಿ.

"ಗಿಡ ಇಲ್ಲ," ಎಂದೆ. "ಸತ್ತುಹೋಗಿದೆ. ಮೊದಲನೆಯ ವರ್ಷವೇ ಸತ್ತಿತು. ಎಲ್ಲವೂ ಸತ್ತವು. ರಜೆಯಲ್ಲಿ ನೀರಿಲ್ಲದೆ ಅರ್ಧ ಒಣಗಿದವು, ಇನ್ನರ್ಧ ಆಡು ತಿಂದವು. ನಾನು ಸುಳ್ಳು ಬರೆದೆ."

ಮರೈಕೆ ಅದನ್ನು ಕೂಡಲೇ ಅವರ ಭಾಷೆಗೆ ತಿರುಗಿಸಲಿಲ್ಲ. ಅವಳ ಮುಖ ಕೆಂಪಾಗಿತ್ತು. "ಇದನ್ನು ಮಕ್ಕಳಿಗೆ ಹೇಳಲಾ?" ಎಂದಳು.

"ಹೇಳು," ಎಂದೆ. "ಫೋಟೋ ಕೂಡ ಬೇರೆ ಊರಿನ ಗಿಡದ್ದು ಅಂತ ಹೇಳು."

ಹೇಳಿದಳು. ಮೊದಲು ಬಾಯಿ ಬಿಟ್ಟವನು ಕನ್ನಡಕದ ಹುಡುಗ. ತಿಂದ ಆಡಿಗೆ ಹೊಟ್ಟೆನೋವು ಬಂತಾ ಎಂದು ಕೇಳಿದ. ಇಲ್ಲಪ್ಪ, ಅವು ಗುಂಡುಕಲ್ಲಿನ ಹಾಗಿವೆ ಎಂದೆ. ಇನ್ನೊಬ್ಬಳು ಅತ್ತಳು. ಫೆಮ್ಕೆ ಅಳಲಿಲ್ಲ. ಸ್ಟೂಲಿನ ಮೇಲಿಂದ ನನ್ನನ್ನು ನೋಡಿ ಹೇಳಿದಳು:

"ನೀವು ಟೀಚರ್. ನೀವು ಮೂರು ಸಲ ಸುಳ್ಳು ಹೇಳಿದಿರಿ. ನನಗೆ ನಿಮ್ಮ ಮೇಲೆ ಸಿಟ್ಟು ಬಂದಿದೆ."

ಆ ದೇಶದವರು ಮನಸ್ಸಿನಲ್ಲಿದ್ದುದನ್ನು ಮುಖಕ್ಕೇ ಹೇಳುತ್ತಾರೆ ಎಂದು ಕೇಳಿದ್ದೆ. ಎಂಟು ವರ್ಷಕ್ಕೇ ಶುರುಮಾಡುತ್ತಾರೆ ಎಂದು ಗೊತ್ತಿರಲಿಲ್ಲ. ತಪ್ಪಾಯಿತು ಎಂದೆ. ಅವಳು ತಲೆಯಾಡಿಸಲಿಲ್ಲ. ಕುಂಚವನ್ನು ಬಣ್ಣದ ಡಬ್ಬಿಗೆ ಹಾಕಿ ಕೇಳಿದಳು:

"ರಜೆಯಲ್ಲಿ ನೀರು ಹಾಕುವ ಸರದಿ ಯಾರದು?"

"ಯಾರದೂ ಇಲ್ಲ. ಶಾಲೆಗೆ ಬೀಗ."

"ನಮ್ಮ ಶಾಲೆಯಲ್ಲಿ ಮೊಲ ಇದೆ," ಎಂದಳು ಫೆಮ್ಕೆ. "ರಜೆಯಲ್ಲಿ ಅದನ್ನು ನಾವು ಮನೆಗೆ ಕರೆದುಕೊಂಡು ಹೋಗುತ್ತೇವೆ. ನಿಮ್ಮ ಮಕ್ಕಳು ಗಿಡವನ್ನು ಯಾಕೆ ಮನೆಗೆ ಕರೆದುಕೊಂಡು ಹೋಗುವುದಿಲ್ಲ?"

ಗಿಡಕ್ಕೆ ಬೇರು ಇರುತ್ತದೆ ಮಗು ಎಂದು ಹೇಳಹೊರಟವಳು ಹಾಗೇ ನಿಂತೆ. ನಮ್ಮೂರಿನಲ್ಲಿ ಬಚ್ಚಲು ನೀರು ಹೋಗುವ ಹಿತ್ತಲಲ್ಲಿ ಬಾಳೆಯೋ ಕರಿಬೇವೋ ಇಲ್ಲದ ಮನೆಯಿಲ್ಲ. ಕಾಲುವೆ ನಿಂತರೂ ಜನ ಸ್ನಾನ ನಿಲ್ಲಿಸುವುದಿಲ್ಲ. ಮೇ ತಿಂಗಳಲ್ಲೂ ಬಚ್ಚಲ ಹಿಂದಿನ ಗಿಡ ಹಸಿರಾಗಿಯೇ ಇರುತ್ತದೆ. ಸಸಿಯನ್ನು ಡಬ್ಬಿಯಲ್ಲಿ ಬೆಳೆಸಿ, ಎರಡು ಬೇಸಿಗೆ ಮನೆಯ ಬಚ್ಚಲ ನೀರು ಕುಡಿಸಿ, ಗಟ್ಟಿಯಾದ ಮೇಲೆ ಅಂಗಳಕ್ಕೆ ತಂದರೆ ಯಾವ ಆಡು ಏನು ಮಾಡೀತು? ಈ ಮಾತು ಹೊಳೆಯಲು ನನಗೆ ಸಮುದ್ರದ ಕೆಳಗಿನ ಊರಿಗೆ ಬರಬೇಕಾಯಿತು. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ಸಂಜೆ ಮರೈಕೆ ಬಿಸ್ಕತ್ತಿನ ಡಬ್ಬಿಯನ್ನು ತೆರೆಯಲಿಲ್ಲ. ಮಲಗುವ ಮುಂಚೆ, "ನಾನೂ ಕೇಳಬೇಕಿತ್ತು, ಕೇಳಲಿಲ್ಲ. ಕಾಗದ ಚೆನ್ನಾಗಿರುತ್ತಿತ್ತು," ಎಂದಳು.

ಮರುದಿನ ಹೊರಡುವಾಗ ಫೆಮ್ಕೆ ತಾಯಿಯ ಜೊತೆ ಬಂದಳು. ಕಣ್ಣು ಊದಿದ್ದವು. ರಾತ್ರಿ ಮಲಗಿಲ್ಲ ಎಂದು ತಾಯಿ ಹೇಳಿದಳು, ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಫೆಮ್ಕೆ ನನಗೆ ಕೈಕೊಟ್ಟು ಒಂದೇ ಮಾತು ಹೇಳಿದಳು: "ಕಾಗದ ಬರೆಯಿರಿ. ನೋಡಿದ್ದನ್ನು ಮಾತ್ರ ಬರೆಯಿರಿ."

ವಾಪಸ್ಸು, ಜೂನ್

ವೀರಭದ್ರಪ್ಪನವರಿಗೆ ಎಲ್ಲ ಹೇಳಿದೆ. ಅವರು ಕುರ್ಚಿಯಿಂದ ಎದ್ದು ನಿಂತರು.

"ಭಾಳ ಛಲೋ ಮಾಡಿದ್ರಿ! ಬಾಯಿಗೊಂದು ಬೀಗ ಹಾಕ್ಕೊಂಡು ಬರ್ರಿ ಅಂತ ಕಳಿಸಿದ್ರ, ಇಡೀ ಊರಿನ ಮಾನ ಹರಾಜು ಹಾಕಿ ಬಂದ್ರೆಲ್ರೀ! ಹಂಪಿ ಮಾತು ತಗೀಲಿಲ್ಲೇನ್ರಿ?"

"ಹಂಪಿ ತೀರಿ ಹೋತ್ರಿ ಸರ," ಎಂದೆ.

ಅವರು ಒಂದು ವಾರ ನನ್ನ ಜೊತೆ ಮಾತು ಬಿಟ್ಟರು. ಆ ವಾರ ಶಾಲೆ ಬಹಳ ಶಾಂತವಾಗಿ ನಡೆಯಿತು.

ನಾನು ನಾಲ್ಕನೆಯ ತರಗತಿಗೆ ಹೋಗಿ, ಬಾಗಿಲು ಹಾಕಿ, ಮಕ್ಕಳ ಮುಂದೆ ನಿಂತೆ. ಅವರಿಗೂ ಹೇಳಬೇಕೆಂದು ವಿಮಾನದಲ್ಲೇ ನಿಶ್ಚಯ ಮಾಡಿಕೊಂಡಿದ್ದೆ. ದೂರದ ದೇಶದಲ್ಲಿ ನಿಮ್ಮಷ್ಟೇ ದೊಡ್ಡ ಹುಡುಗಿಯೊಬ್ಬಳು ಇದ್ದಾಳೆ, ಅವಳ ಮನೆ ಸಮುದ್ರದ ಕೆಳಗಿದೆ, ನಮ್ಮ ಗಿಡ ತನ್ನನ್ನು ಕಾಯುತ್ತದೆ ಎಂದು ನಂಬಿದ್ದಳು, ನಾನು ಅವಳಿಗೆ ಸುಳ್ಳು ಬರೆದಿದ್ದೆ, ನಮ್ಮ ಗಿಡಗಳೆಲ್ಲ ಪ್ರತಿ ವರ್ಷ ಸಾಯುತ್ತಿದ್ದವು ಎಂದೆ. ಮಕ್ಕಳು ಬೆಚ್ಚಿಬೀಳುತ್ತಾರೆ ಎಂದುಕೊಂಡಿದ್ದೆ.

ಯಾರೂ ಬೆಚ್ಚಲಿಲ್ಲ.

"ಗೊತ್ತೈತ್ರಿ ಟೀಚರ್," ಎಂದಳು ಮುಂದಿನ ಸಾಲಿನ ಹುಲಿಗೆಮ್ಮ. "ಒಣಗಿದ್ದು ಕೀಳಾವ್ರು ನಾವ ಅಲ್ಲೇನ್ರಿ? ದೊಡ್ಡೋರು ಬರಾಕಿಂತ ಮುಂಚೆ ಕಿತ್ತು, ತಿಪ್ಪಿಗೆ ಒಗದು, ಗುಂಡ್ಯಾಗ ಹಸೀ ಮಣ್ಣು ಹಾಕ್ರಿ ಅಂತ ನೀವ ಹೇಳತಿದ್ರೆಲ್ರಿ."

ಹೌದು, ನಾನೇ ಹೇಳುತ್ತಿದ್ದೆ. ಪ್ರತಿ ಜುಲೈ, ಸಾಲಾಗಿ ನಿಲ್ಲಿಸಿ, ಜಲ್ದಿ ಜಲ್ದಿ ಎಂದು ಗದರಿಸಿ. ಹದಿನೆಂಟು ವರ್ಷದಲ್ಲಿ ಈ ಮಕ್ಕಳಿಗೆ ನಾನು ಮಾಡಿದ ಒಂದೇ ಒಂದು ನಿಜವಾದ ಪರಿಸರ ಪಾಠ ಅದು. ಎಲ್ಲರೂ ಚೆನ್ನಾಗಿ ಕಲಿತಿದ್ದರು.

ಆಮೇಲೆ ಚೀಲದಿಂದ ಡಾಲ್ಡಾ ಡಬ್ಬಿಗಳನ್ನು ತೆಗೆದು ಮೇಜಿನ ಮೇಲೆ ಸಾಲಾಗಿ ಇಟ್ಟೆ. ಒಂದೊಂದರಲ್ಲಿ ಒಂದೊಂದು ಬೇವಿನ ಸಸಿ. ಒಬ್ಬೊಬ್ಬರು ಒಂದೊಂದು ಮನೆಗೆ ಒಯ್ಯಿರಿ, ಬಚ್ಚಲ ನೀರು ಹೋಗುವ ಕಡೆ ಇಡಿರಿ, ಆಡಿಗೆ ಸಿಗದ ಹಾಗೆ ಕಾಯಿರಿ, ಎರಡು ಬೇಸಿಗೆ ದಾಟಿದ ಮೇಲೆ ಇಲ್ಲಿಗೆ ತನ್ನಿರಿ ಎಂದೆ. ಮೊದಲು ಯಾರೂ ಕದಲಲಿಲ್ಲ. ಕೊನೆಗೆ ಹುಲಿಗೆಮ್ಮ ಎದ್ದು ಬಂದು ಒಂದು ಡಬ್ಬಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡಳು. ಬಾಗಿಲ ತನಕ ಹೋದವಳು ತಿರುಗಿ ನಿಂತು, ಕಪಟವಿಲ್ಲದೆ, ಮನೆಗೆಲಸದ ಬಗ್ಗೆ ಕೇಳುವ ಹಾಗೆ ಕೇಳಿದಳು:

"ಟೀಚರ್, ಖರೇನ ನೀರು ಹಾಕಬೇಕೇನ್ರಿ, ಇಲ್ಲಾ ಬರೇ ಫೋಟೋಕ್ಕೇನ್ರಿ?"

"ಖರೇನ ಹಾಕಬೇಕವ್ವಾ," ಎಂದೆ.

ಅವಳು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು, ನಂಬಬಹುದೋ ಇಲ್ಲವೋ ಎಂದು.